ಮೂವತ್ತೇಳನೆಯ ಲಕೋಟೆ

ಬಸ್ಸಿನ ಕನ್ನಡಿಯಲ್ಲಿದ್ದ ಕಣ್ಣುಗಳು ಮತ್ತೆ ಟೀಚರನ್ನೇ ನೋಡಿದವು. ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು.

ಬಸ್ಸಿನ ಡ್ರೈವರ್ ಹೆಂಗಸು ಅನ್ನುವುದಷ್ಟೇ ಹಿಂದಿನಿಂದ ಗೊತ್ತಾಗುತ್ತಿತ್ತು. ತಲೆಗೆ ಟೋಪಿ, ಧೂಳಿಗೆಂದು ಮೂಗಿನವರೆಗೆ ಕಟ್ಟಿದ ಬಟ್ಟೆ. ಮೇಲಿನ ಉದ್ದ ಕನ್ನಡಿಯಲ್ಲಿ ಕಾಣಲು ಉಳಿದದ್ದು ಕಣ್ಣು ಮಾತ್ರ. ಜೇನಿನ ಬಣ್ಣದ ಬೆಕ್ಕಿನ ಕಣ್ಣು. ಅಂಥ ಕಣ್ಣನ್ನು ಟೀಚರ್ ತನ್ನ ಶಾಲೆಯ ಒಬ್ಬಳೇ ಒಬ್ಬ ಹುಡುಗಿಯ ಮುಖದಲ್ಲಿ ಕಂಡಿದ್ದಳು. ಆ ಮುಖ ಮಣ್ಣು ಸೇರಿ ಹತ್ತು ವರ್ಷವಾಗಿತ್ತು.

ಚೀಲದಲ್ಲಿದ್ದದ್ದು ಆ ಹುಡುಗಿಯ ಲಕೋಟೆ.

ಮಕ್ಕಳಿಗೆ ಮುಂದೆ ಯಾವ ಓದು, ಯಾವ ಕೆಲಸ ಎಂದು ದಾರಿ ತೋರಿಸುವುದು ಟೀಚರ ಕೆಲಸ. ‘ಮುಂದೇನು ಟೀಚರ್’ ಎಂದೇ ಅಡ್ಡಹೆಸರು. ಕೊನೆಯ ತರಗತಿಯವರೆಲ್ಲ ‘ನಾನು ಏನಾಗಬೇಕು’ ಎಂಬ ಫಾರಂ ತುಂಬಬೇಕು. ಜೊತೆಗೆ, ಹತ್ತು ವರ್ಷದ ನಂತರದ ತಮಗೇ ಒಂದು ಕಾಗದ ಬರೆದು, ಲಕೋಟೆ ಅಂಟಿಸಿ ಕೊಡಬೇಕು. ಬೀರುವಿನಲ್ಲಿ ನಿದ್ದೆ ಹೋದ ಲಕೋಟೆಗಳನ್ನು ಹತ್ತು ವರ್ಷಕ್ಕೆ ಸರಿಯಾಗಿ ಎಬ್ಬಿಸಿ ಟೀಚರ್ ಅಂಚೆಗೆ ಹಾಕುತ್ತಾಳೆ. ಈ ಸಲ ಮೂವತ್ತಾರು ಹೋದವು. ಒಂದು ಮೇಜಿನ ಮೇಲೇ ಉಳಿಯಿತು.

ಆ ಹುಡುಗಿ ಫಾರಂನಲ್ಲಿ ಬರೆದದ್ದು ‘ಬಸ್ ಡ್ರೈವರ್’. ಒಂದು ಪರೀಕ್ಷೆಯಲ್ಲೂ ಎಡವದ ಜಾಣೆ. ಟೀಚರ್ ಅದನ್ನು ತರಗತಿಗೆ ಕೇಳುವಂತೆ ಓದಿದ್ದಳು. ಮೂವತ್ತಾರು ಮಕ್ಕಳು ಹೊಟ್ಟೆ ಹಿಡಿದು ನಕ್ಕಿದ್ದರು. ಕೆಂಪು ಶಾಯಿಯಲ್ಲಿ ಗೀಟೆಳೆದು, ‘ಇನ್ನೂ ಎತ್ತರಕ್ಕೆ ಯೋಚಿಸು’ ಎಂದು ಕೆಳಗೆ ಬರೆದು, ಹೊಸ ಫಾರಂ ಕೊಟ್ಟಿದ್ದಳು. ಹುಡುಗಿ ಹಳೆಯದನ್ನು ಮಡಚಿ ಪುಸ್ತಕದೊಳಗಿಟ್ಟು, ಹೊಸದರಲ್ಲಿ ‘ಡಾಕ್ಟರ್’ ಎಂದು ಬರೆದಳು. ಪರೀಕ್ಷೆ ಮುಗಿದ ವಾರ ಜ್ವರ ಬಂತು. ಫಲಿತಾಂಶ ನೋಡಲು ಅವಳಿರಲಿಲ್ಲ.

ಅಂಕಪಟ್ಟಿ ಒಯ್ಯಲು ತಾಯಿ ಬಂದಿದ್ದಳು. ಮುಖದ ತುಂಬ ಸೆರಗು. ರಸ್ತೆಗಿಳಿಯಲು ಹೆದರಿ ಗೇಟಿನ ಕಂಬಿ ಹಿಡಿದು ನಿಂತವಳನ್ನು ಕಾವಲುಗಾರನೇ ಕೈಹಿಡಿದು ದಾಟಿಸಿದ್ದ. ಟೀಚರ್ ಕಿಟಕಿಯಿಂದ ನೋಡಿದಳು, ಹೊರಗೆ ಬರಲಿಲ್ಲ. ಅಂದಿನಿಂದ ಎದೆಯಲ್ಲೊಂದು ಮುಳ್ಳು. ತೀರಿಕೊಂಡವರದು ಏನಾದರೂ ನಮ್ಮ ಹತ್ತಿರ ಉಳಿದರೆ ಕೇಳಿಕೊಂಡು ಬಂದೇ ಬರುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದಳು. ಇವತ್ತು ಕಾಗದ ಕೊಟ್ಟು, ಆ ತಾಯಿಯ ಎದುರು ‘ತಪ್ಪಾಯಿತು’ ಅಂದುಬಿಡಬೇಕು.

ಸ್ಟಾಪ್ ಬಂತು. ಕನ್ನಡಿಯತ್ತ ನೋಡದೆ ಇಳಿದು, ಟೀಚರ್ ಓಣಿಗೆ ತಿರುಗಿದಳು.

ಮೂರನೇ ಮನೆ. ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಕೂತಿದ್ದವಳ ತಲೆ ಹತ್ತಿಯಷ್ಟು ಬೆಳ್ಳಗೆ, ಎರಡೂ ಕಣ್ಣಿಗೆ ಪೊರೆ. ದುಃಖ ಹತ್ತು ವರ್ಷದಲ್ಲಿ ಮೂವತ್ತು ವರ್ಷದ ಕೆಲಸ ಮಾಡಿ ಮುಗಿಸಿತ್ತು.

ಶಾಲೆಯಿಂದ ಬಂದೆ, ಒಂದು ಕಾಗದ ಕೊಡುವುದಿದೆ ಎಂದಳು ಟೀಚರ್.

“ನನ್ನ ಮಗಳಿಗಾ? ಡ್ಯೂಟಿಗೆ ಹೋಗಿದ್ದಾಳಲ್ಲಮ್ಮ.”

ಟೀಚರ್ ಗೋಡೆಯತ್ತ ತಿರುಗಿದಳು. ಗೂಟದಲ್ಲಿ ಇಸ್ತ್ರಿ ಮಾಡಿದ ಖಾಕಿ ಅಂಗಿ ತೂಗುತ್ತಿತ್ತು. ಅದರ ಪಕ್ಕದಲ್ಲೇ ಹುಡುಗಿಯ ಫೋಟೊ. ಎರಡು ಜಡೆ, ಬೆಕ್ಕಿನ ಕಣ್ಣು, ಏನೋ ಗುಟ್ಟು ಬಚ್ಚಿಟ್ಟ ನಗು.

ಮುದುಕಿ ಮಾತಿಗೆ ಹಸಿದಿದ್ದಳು. ಮಗಳು ಓಡಿಸುವುದು ಏಳನೇ ನಂಬರಿನ ಬಸ್ಸಂತೆ. ಮೊದಮೊದಲು ಸ್ಟೀರಿಂಗ್ ಮುಟ್ಟಿದರೆ ಕೈ ನಡುಗುತ್ತಿತ್ತಂತೆ. ಲೈಸೆನ್ಸ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲು. ಆದರೂ ಉಡದ ಹಾಗೆ ಹಿಡಿದದ್ದು ಬಿಡಲಿಲ್ಲ.

“ಬೀದಿಯೋರೆಲ್ಲ ನಕ್ಕರು. ಈಗ ಅವರನ್ನೇ ಹತ್ತಿಸ್ಕೊಂಡು ಹೋಗ್ತಾಳೆ.”

ಟೀಚರ್ ಬಂದದ್ದೂ ಏಳನೇ ನಂಬರಿನಲ್ಲೇ.

ಪಾಪ, ಈ ತಾಯಿಗೆ ಬುದ್ಧಿ ಕದಡಿದೆ ಅಂದುಕೊಳ್ಳಬಹುದಿತ್ತು. ಹಾಗಾದರೆ ಕನ್ನಡಿಯಲ್ಲಿ ಕಂಡ ಕಣ್ಣಿಗೆ ಏನನ್ನುವುದು? ‘ತಪ್ಪಾಯಿತು’ ಅನ್ನಬೇಕೆಂಬುದೇ ಮರೆತುಹೋಯಿತು. ಟೀಚರ್ ಲಕೋಟೆ ಮುಂದೆ ಹಿಡಿದಳು. ಮುದುಕಿ ತಡವರಿಸಿ ಮುಟ್ಟಿ, ಹಿಂದಕ್ಕೇ ನೂಕಿದಳು.

“ನನಗೆಲ್ಲಿ ಕಣ್ಣು ಕಾಣುತ್ತೆ? ಅವಳದ್ದು ಅವಳ ಕೈಗೇ ಕೊಟ್ಟುಬಿಡಿ. ಅರ್ಧ ಗಂಟೇಲಿ ಇದೇ ಸ್ಟಾಪಿಗೆ ಬರ್ತಾಳೆ.”

ಸ್ಟಾಪಿನ ಕಲ್ಲುಬೆಂಚಿನ ಮೇಲೆ ಟೀಚರ್ ಒಬ್ಬಳೇ ಕೂತಳು. ಮಟಮಟ ಮಧ್ಯಾಹ್ನ. ಹತ್ತು ವರ್ಷದ ಅಂಟು ಯಾವಾಗಲೋ ಒಣಗಿ, ಲಕೋಟೆ ತಾನಾಗಿಯೇ ಬಾಯಿ ಬಿಟ್ಟಿತ್ತು. ಒಳಗೆ ದುಂಡು ಅಕ್ಷರ.

‘ಹತ್ತು ವರ್ಷದ ನಂತರದ ನನಗೆ. ಡಾಕ್ಟರ್ ಅಂತ ಬರೆದದ್ದು ಟೀಚರ ಸಮಾಧಾನಕ್ಕೆ, ನೀನು ನಂಬಬೇಡ. ಅವರು ಯಾವತ್ತೂ ಡ್ರೈವರ್ ಸೀಟು ಹತ್ತಿ ನೋಡಿಲ್ಲ, ಪಾಪ. ಇಡೀ ಬಸ್ಸಲ್ಲಿ ಎತ್ತರದ ಜಾಗ ಅದೇ. ಇನ್ನೊಂದು ವಿಷಯ. ಅಮ್ಮನಿಗೆ ರಸ್ತೆ ಅಂದ್ರೆ ಪ್ರಾಣಭಯ. ಅವಳನ್ನ ಎಲ್ಲರಿಗಿಂತ ಮುಂದೆ ಕೂರಿಸು. ಭಯ ಹೋಗೋ ತನಕ ಇಳಿಸಬೇಡ.’

ತನ್ನ ಮೇಲೆ ಒಂದು ದೂರೂ ಇರಲಿಲ್ಲ. ಅದಕ್ಕೇ ಟೀಚರ ಕಣ್ಣು ತುಂಬಿ, ಬಂದು ನಿಂತ ಬಸ್ಸು ಮಸುಕಾಗಿ ಕಂಡಿತು.

ಏಳನೇ ನಂಬರು. ಬಾಗಿಲು ಸುಯ್ಯೆಂದು ತೆರೆಯಿತು. ಈಗ ನಡುವೆ ಕನ್ನಡಿಯಿಲ್ಲ; ಜೇನುಬಣ್ಣದ ಕಣ್ಣುಗಳು ನೇರವಾಗಿ ಲಕೋಟೆಯನ್ನೇ ನೋಡುತ್ತಿದ್ದವು. ಸ್ಟೀರಿಂಗಿನ ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ ಹಳೆಯ ಫಾರಂ. ಮಡಿಕೆಯ ಗುರುತು. ಕೆಂಪು ಗೀಟು. ‘ಇನ್ನೂ ಎತ್ತರಕ್ಕೆ ಯೋಚಿಸು.’

ಅದು ಆ ಹುಡುಗಿಯ ಜೊತೆಗೇ ಹೋಯಿತೆಂದು ಟೀಚರ್ ತಿಳಿದಿದ್ದಳು. ಬೆಂಚಿನಿಂದ ಏಳದೆ ಕಾಗದವನ್ನು ಮತ್ತೆ ಲಕೋಟೆಯೊಳಗೆ ತುರುಕಿದಳು.

ಡ್ರೈವರ್ ಮುಖದ ಬಟ್ಟೆ ಕೆಳಗೆ ಸರಿಸಿ, ನರೆತ ಕೂದಲನ್ನು ಟೋಪಿಯೊಳಗೆ ತಳ್ಳಿ ಕೈ ಚಾಚಿದಳು. “ಹತ್ತಿ ಟೀಚರ್. ಹತ್ತು ವರ್ಷ ಆಯ್ತು, ಮಗಳ ಕಾಗದ ಬರಬೇಕಲ್ಲ ಅಂತ ಕಾಯ್ತಾ ಇದ್ದೆ. ಮನೇಲಿ ನಮ್ಮಮ್ಮ ಕುಡಿಯೋಕೆ ಏನಾದ್ರೂ ಕೊಟ್ರಾ, ಇಲ್ಲ ಬರೀ ನನ್ನ ಪುರಾಣಾನೇ ಹೇಳಿ ಕಳಿಸಿದ್ರಾ?”