ಎದುರು ಮನೆಯ ಭಾರ

ನಮ್ಮ ಕಣಿವೆಯಲ್ಲಿ ಮನೆಗಳು ಜೋಡಿಜೋಡಿಯಾಗಿ ತೂಗುತ್ತವೆ: ಮೇಲೊಂದು ರಾಟೆ, ಒಂದೇ ಹಗ್ಗ, ಅದರ ಎರಡು ತುದಿಗೆ ಎರಡು ಮನೆ. ಒಂದು ಹಗುರಾದರೆ ಇನ್ನೊಂದು ಪಾತಾಳಕ್ಕೆ ಜಾರುತ್ತದೆ. ಆದ್ದರಿಂದ ನೀಲು ಶಾಲೆಗೆ ಹೊರಡುವ ಮುಂಚೆ ನಾನು ಗಂಟೆ ಬಾರಿಸುತ್ತೇನೆ. ಮಂಜಿನಾಚೆಯಿಂದ ಮರುಗಂಟೆ ಕೇಳಿದ ಕೂಡಲೇ ಅವಳೂ, ಎದುರು ಮನೆಯಲ್ಲಿ ಅವಳಷ್ಟೇ ತೂಕದ ದಾಕ್ಷಿಯೂ ಒಟ್ಟಿಗೆ ಹೊಸ್ತಿಲು ದಾಟುತ್ತಾರೆ.

ಇಂದು ಮೂರು ಸಲ ಬಾರಿಸಿದೆ. ಮರುಗಂಟೆ ಬರಲಿಲ್ಲ.

"ಅಮ್ಮಾ, ಹೊತ್ತಾಯ್ತು. ಹೋಗ್ಬಿಡ್ಲಾ?" ಎಂದಳು ನೀಲು.

"ಕಾಲು ಆಚೆ ಇಟ್ಟೀಯ, ಜೋಕೆ! ಮನೆ ಮೇಲೆ ಹೋಗಿ ರಾಟೆಗೆ ಬಡಿಯುತ್ತೆ," ಎಂದು ಅತ್ತೆ ಅವಳ ಜಡೆ ಹಿಡಿದುಕೊಂಡರು. "ಅವರು ಇದಾರೋ ಇಲ್ವೋ ನೋಡೇ," ಎಂದು ನನಗೆ ಹೇಳಿದರು.

ಹಗ್ಗದ ತಕ್ಕಡಿಯ ಮುಳ್ಳು ಎಂದಿನ ಗೆರೆಯ ಮೇಲೇ ಇತ್ತು. "ಭಾರ ಪೂರ್ತಿ ಇದೆ ಅತ್ತೆ. ಎಲ್ರೂ ಒಳಗೇ ಇದಾರೆ."

ಆದರೆ ಲೋಟದ ನೀರು ಅಲುಗುತ್ತಿರಲಿಲ್ಲ. ಅಲ್ಲಿ ಯಾರು ನಡೆದರೂ ಇಲ್ಲಿ ನೀರು ನಡುಗುತ್ತದೆ. ಮೂರು ದಿನದಿಂದ ಅಲ್ಲಿ ಕೇಳುತ್ತಿದ್ದ ಕೆಮ್ಮೂ ನಿಂತಿತ್ತು.

ಮಧ್ಯಾಹ್ನ ಅವರ ಜಗುಲಿಯ ಕಡೆ ರಣಹದ್ದುಗಳು ಕಿರುಚಿದವು. ಮುಳ್ಳು ಸ್ವಲ್ಪ ಹಿಂದೆ ಸರಿಯಿತು. ನಮ್ಮ ಮನೆ ಒಂದು ಬೆರಳಿನಷ್ಟು ಕೆಳಕ್ಕೆ ಜಾರಿತು.

ಅತ್ತೆ ಒಂದು ಸೇರು ರಾಗಿ ಹಿಟ್ಟು ತಂದು ಕಿಟಕಿಯಾಚೆ ಸುರಿದರು. ಮನೆ ನಿಂತಿತು.

"ಅಜ್ಜಿ, ಹಿಟ್ಟು ಯಾಕೆ ಚೆಲ್ದೆ?"

ಹದ್ದುಗಳು ಮತ್ತೆ ಕಿರುಚಿದವು. ಅತ್ತೆ ಡಬ್ಬಿಗಳನ್ನು ನೋಡಿದರು, ಪಾತ್ರೆಗಳನ್ನು ನೋಡಿದರು, ಮಂಚವನ್ನು ನೋಡಿದರು. ಆಮೇಲೆ ನೀಲುಗೆ ಕೇಳಿಸದಂತೆ ನನ್ನ ಹತ್ತಿರ ಬಂದರು.

"ನಾನೀಗ ಎಷ್ಟು ತೂಗ್ತೀನೇ?"