ಅಟ್ಟ ಹತ್ತಿದ ಸುಬ್ಬಿ

ಶಾಂತಕುಮಾರಿ ಬೆಕ್ಕಿನ ಕಿವಿಯನ್ನು ಉಜ್ಜಿ ಬಿಸಿ ಮಾಡಿ, ಇನ್ನೇನು ಸೂಜಿ ಚುಚ್ಚಬೇಕು ಅನ್ನುವಷ್ಟರಲ್ಲಿ ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಪೇರಿಸಿಟ್ಟಿದ್ದ ಅಟ್ಟದ ಮೇಲೆ ಇಲಿಯೊಂದು ಸರಕ್ಕನೆ ಓಡಿತು. ಮಡಿಲಿನಿಂದ ಚಿಮ್ಮಿದ ಸುಬ್ಬಿ ರಾಗಿ ಮೂಟೆಗೆ ಒಂದು, ಅಟ್ಟಕ್ಕೆ ಒಂದು, ಎರಡೇ ನೆಗೆತಕ್ಕೆ ಮೇಲೇರಿ ಕೂತಿತು.

“ಬಿಟ್‌ಬಿಟ್ಯಲ್ಲೇ! ಶುಗರ್ ನೋಡೋದ್ ಬೇಡ್ವಾ?” ಗಂಡ ಮುನಿನಾರಾಯಣಪ್ಪ ರಕ್ತದ ಹನಿ ಹಾಕುವ ಪಟ್ಟಿ ಸಿಕ್ಕಿಸಿದ ಮೀಟರ್ ಹಿಡಿದುಕೊಂಡೇ ರೇಗಿದ. ಮಗಳು ಅವನಿಗೆಂದೇ ತಂದುಕೊಟ್ಟ ಮೀಟರ್ ಅದು. ತನ್ನ ಬೆರಳಿಗೆ ಸೂಜಿ ಅಂದರೆ ಹಿಪ್ಪುನೇರಳೆ ತೋಟಕ್ಕೆ ಓಡುವ ಮನುಷ್ಯ, ಬೆಕ್ಕಿನ ಶುಗರ್ ಮಾತ್ರ ದಿನವೂ ತಪ್ಪದೆ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದ.

ಶಾಂತಕುಮಾರಿಯ ಕಣ್ಣು ಅಟ್ಟದಲ್ಲೇ ನೆಟ್ಟಿತ್ತು. ಸಕ್ಕರೆ ಕಾಯಿಲೆಗೆ ಹಿಂಗಾಲು ಸೋತು, ಮೂರು ತಿಂಗಳಿಂದ ಹೊಸಿಲು ದಾಟಲೂ ತಿಣುಕುತ್ತಿದ್ದ ಸುಬ್ಬಿ ಈಗ ಬಾಲ ನಿಮಿರಿಸಿಕೊಂಡು ಮೇಲಿನಿಂದ ಇಣುಕುತ್ತಿತ್ತು. “ಇನ್ನೇನ್ ನೋಡೋದ್ರೀ? ಶಿಡ್ಲಘಟ್ಟದ ಡಾಕ್ಟ್ರು ಕೊಟ್ಟ ಇಂಜೆಕ್ಷನ್ ಕೆಲಸ ಮಾಡೈತೆ ಅಂತ ಅದರ ಕಾಲೇ ಹೇಳ್ತಾ ಐತಲ್ಲ!” ಎಂದು ಕಣ್ಣೊರೆಸಿಕೊಂಡು ನಕ್ಕಳು. ಅವನ ಮೀಸೆಯಡಿಯಲ್ಲೂ ನಗು ಮೂಡಿತು.

“ಹಾಕಿದ ಪಟ್ಟಿ ದಂಡ ಆಗೋದ್ ಬೇಡ. ನಿಮ್ಮ ಬೆರಳು ಕೊಡಿ,” ಎಂದವಳೇ ಗಂಡನ ಕೈಯನ್ನು ಭದ್ರವಾಗಿ ಹಿಡಿದುಕೊಂಡಳು.

ಮುನಿನಾರಾಯಣಪ್ಪ ಆಸೆಯಿಂದ ಒಮ್ಮೆ ಅಟ್ಟದ ಕಡೆ ನೋಡಿದ.