ಪುಟ್ಟಮಾದಯ್ಯ ಕೈಕಟ್ಟಿ ನಿಂತ ದಿನ

ಆ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಇದ್ದದ್ದು ಎರಡೇ ಗಾಡಿ... ಎರಡಕ್ಕೂ ಇಪ್ಪತ್ತೈದರ ಮೇಲೆ ವಯಸ್ಸು.

ಊರು ಮಾತ್ರ ನಾಲ್ಕು ಪಟ್ಟು ಬೆಳೆದಿತ್ತು. ಎತ್ತ ನೋಡಿದರೂ ಅಪಾರ್ಟ್‌ಮೆಂಟು, ಗೋಡೌನು, ಇಕ್ಕಟ್ಟಿನ ಗಲ್ಲಿ.

ಆದರೂ ಆ ಮುದಿ ಗಾಡಿಗಳು ಓಡುತ್ತಿದ್ದವು. ಅದಕ್ಕೆ ಕಾರಣ ಒಬ್ಬರೇ... ಹಿರಿಯ ಡ್ರೈವರ್ ಪುಟ್ಟಮಾದಯ್ಯ.

ಎಲ್ಲಿ ತಟ್ಟಿದರೆ ಎಂಜಿನ್ ಏಳುತ್ತದೆ, ಯಾವ ಪೈಪಿಗೆ ಟ್ಯೂಬ್ ಸುತ್ತಿದರೆ ಸೋರುವುದು ನಿಲ್ಲುತ್ತದೆ... ಎಲ್ಲವೂ ಅವರ ಬೆರಳ ತುದಿಯಲ್ಲಿತ್ತು.

"ನಮ್ ಪುಟ್ಟಮಾದಯ್ಯ ಇದ್ರೆ ಗುಜರಿಗೂ ಜೀವ ಬರುತ್ತೆ ಕಣ್ರೀ!" ಎಂದು ಠಾಣೆಯವರೆಲ್ಲ ಹೊಗಳುತ್ತಿದ್ದರು. ಅವರು ಮೀಸೆಯಡಿಯಲ್ಲೇ ನಗುತ್ತಿದ್ದರು.

ವರ್ಷಕ್ಕೊಮ್ಮೆ ತಪಾಸಣೆಗೆ ದೊಡ್ಡ ಅಧಿಕಾರಿ ಬರುತ್ತಿದ್ದರು. ಪುಟ್ಟಮಾದಯ್ಯ ಮುಂಜಾನೆಯೇ ಬಂದು ಗಾಡಿ ತೊಳೆದು, ಬೋಲ್ಟು ಬಿಗಿದು, ಸಜ್ಜು ಮಾಡಿ ನಿಲ್ಲಿಸುತ್ತಿದ್ದರು.

ಕೀ ತಿರುಗಿಸಿದೊಡನೆ ಗಾಡಿ ಗುಡುಗುತ್ತಿತ್ತು. "ವಾಹನಗಳು ಸುಸ್ಥಿತಿಯಲ್ಲಿವೆ" ಎಂದು ಬರೆದು ಅಧಿಕಾರಿ ಹೊರಟುಬಿಡುತ್ತಿದ್ದರು.

ಹೊಸ ಗಾಡಿ ಕೇಳಿ ಠಾಣೆ ಕಳಿಸಿದ ಅರ್ಜಿ ಪ್ರತಿ ಸಲವೂ ವಾಪಸ್ ಬರುತ್ತಿತ್ತು...

ಒಂದು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಕರೆ ಬಂತು. ಹಳೇ ಪೇಟೆಯಲ್ಲಿ ಹಾಸಿಗೆ ಅಂಗಡಿಗೆ ಬೆಂಕಿ! ಮೇಲಿನ ಮನೆಯಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದಾರೆ!

ಆರೇ ನಿಮಿಷದಲ್ಲಿ ಗಾಡಿ ಅಂಗಡಿ ಮುಂದೆ ನಿಂತಿತು. ಪೈಪು ಹಿಡಿದು ಠಾಣೆಯ ಹುಡುಗರು ಸಿದ್ಧರಾದರು.

ಆದರೆ ನೀರು ಬರಲಿಲ್ಲ...

ಎಂಜಿನ್ ಓಡುತ್ತಿತ್ತು, ಆದರೆ ನೀರು ಚಿಮ್ಮಿಸುವ ಪಂಪಿನ ಗೇರ್ ಬೀಳಲಿಲ್ಲ. ಪುಟ್ಟಮಾದಯ್ಯ ಸ್ಪ್ಯಾನರ್ ಹಿಡಿದು ಗಾಡಿಯಡಿ ನುಗ್ಗಿದರು. ತಟ್ಟಿದರು, ಎಳೆದರು, ಮತ್ತೆ ತಟ್ಟಿದರು. ಐದು ನಿಮಿಷ ಕಳೆದ ಮೇಲೆ ಪೈಪಿನಲ್ಲಿ ನೀರು ಚಿಮ್ಮಿತು.

ಬೆಂಕಿ ಆರಿತು. ಮೇಲಿದ್ದ ಅತ್ತೆ, ಸೊಸೆ ಇಬ್ಬರೂ ಬದುಕಿದರು. ನೆರೆದಿದ್ದ ಜನ ಚಪ್ಪಾಳೆ ತಟ್ಟಿದರು.

ನಾಲ್ಕು ದಿನ ಬಿಟ್ಟು ಆ ಮನೆಯ ಅಜ್ಜಿ ದೇವೀರಮ್ಮ ಠಾಣೆ ಹುಡುಕಿಕೊಂಡು ಬಂದರು. ಪುಟ್ಟಮಾದಯ್ಯನ ಎರಡೂ ಕೈ ಹಿಡಿದುಕೊಂಡರು.

"ನೀನು ಬರದೇ ಇದ್ದಿದ್ರೆ ನಾವಿಬ್ರೂ ಬೂದಿಯಾಗೋಗ್ತಿದ್ವು ಕಣಪ್ಪಾ... ನಿನ್ ಹೊಟ್ಟೆ ತಣ್ಣಗಿರಲಿ."

"ಅದು ನಮ್ ಕೆಲ್ಸ ಅಲ್ವಾ ಅಜ್ಜಿ. ನಿಮ್ ಸೊಸೆ ಹೇಗಿದ್ದಾರೆ?"

ಅಜ್ಜಿ ಕಣ್ಣೊರೆಸಿಕೊಂಡರು. "ಆಸ್ಪತ್ರೇಲವ್ಳೆ. ಎರಡು ಅಂಗೈನೂ ಬೆಂದೋಗದೆ. ಬೆಂಕಿ ಒಳಗೆ ಬರ್ದೇ ಇರ್ಲಿ ಅಂತ ಒದ್ದೆ ಕಂಬಳಿ ಇಟ್ಕೊಂಡು ಬಾಗಿಲನ್ನ ಒತ್ತಿ ಹಿಡಿದಿದ್ಲು..."

ಆಮೇಲೆ ಅಜ್ಜಿ ಕೇಳಿದರು.

"ಬೇಜಾರು ಮಾಡ್ಕೋಬೇಡ ಕಣಪ್ಪಾ... ನಾನು ಕಿಟಕಿಯಿಂದ ನೋಡ್ತಾನೇ ಇದ್ದೆ. ಗಾಡಿ ಬಂದು ನಿಂತ ಮೇಲೂ ನೀರು ಬರಕ್ಕೆ ಯಾಕೆ ಅಷ್ಟೊತ್ತಾಯ್ತು? ನಿಮ್ ಗಂಟೆ ಸದ್ದು ಕೇಳಿದಾಗ ಅವಳ ಕೈ ಚೆನ್ನಾಗಿತ್ತು..."

ಆ ಮಾತಿನಲ್ಲಿ ಕೋಪವಿರಲಿಲ್ಲ. ತಿಳಿಯದೆ ಕೇಳಿದ ಪ್ರಶ್ನೆ ಅಷ್ಟೇ.

ಅಜ್ಜಿ ಹೋದ ಮೇಲೂ ಪುಟ್ಟಮಾದಯ್ಯ ಠಾಣೆಯ ಬೆಂಚಿನ ಮೇಲೇ ಕೂತಿದ್ದರು. ಗೇರ್ ಸವೆದಿದ್ದು ಅವರಿಗೆ ಮೂರು ವರ್ಷದಿಂದ ಗೊತ್ತಿತ್ತು...

ಮುಂದಿನ ತಿಂಗಳು ತಪಾಸಣೆ ಬಂತು. ಆ ಬೆಳಗ್ಗೆ ಪುಟ್ಟಮಾದಯ್ಯ ಗಾಡಿ ಮುಟ್ಟಲಿಲ್ಲ.

"ಸ್ಟಾರ್ಟ್ ಮಾಡಿ" ಎಂದರು ಅಧಿಕಾರಿ.

ಪುಟ್ಟಮಾದಯ್ಯ ಕೀಯನ್ನು ಇನ್ನೊಬ್ಬ ಡ್ರೈವರ್ ಇಮ್ತಿಯಾಜ್ ಕೈಗಿಟ್ಟು, ಕೈಕಟ್ಟಿ ಪಕ್ಕಕ್ಕೆ ನಿಂತರು.

ಇಮ್ತಿಯಾಜ್ ನಾಲ್ಕು ಸಲ ತಿರುಗಿಸಿದ ಮೇಲೆ ಎಂಜಿನ್ ಎದ್ದಿತು. ಪಂಪಿನ ಗೇರ್ ಮಾತ್ರ ಬೀಳಲೇ ಇಲ್ಲ. ಇಡೀ ಠಾಣೆ ಪುಟ್ಟಮಾದಯ್ಯನ ಮುಖ ನೋಡಿತು...

"ಇದೇನ್ರೀ? ಹೋದ ವರ್ಷ ಚೆನ್ನಾಗಿತ್ತಲ್ಲ! ನೀವೇ ಬಂದು ಮಾಡಿ" ಎಂದರು ಅಧಿಕಾರಿ.

"ನಾನು ಮಾಡಿದ್ರೆ ಬೀಳುತ್ತೆ ಸಾರ್... ಅದಕ್ಕೇ ಮಾಡಲ್ಲ."

"ಅಂದ್ರೆ?"

"ಈ ಗಾಡಿ ಚೆನ್ನಾಗಿರಲೇ ಇಲ್ಲ ಸಾರ್. ನೀವು ಬಂದಾಗೆಲ್ಲ ನಾನು ಚೆನ್ನಾಗಿರೋ ಹಂಗೆ ತೋರಿಸ್ತಿದ್ದೆ. ಎಲ್ಲರೂ ಹೊಗಳೋರು, ಅದು ನಂಗೆ ಹಿತವಾಗಿತ್ತು..."

ಅವರು ಪಂಪಿನ ಕಡೆ ಕೈ ತೋರಿಸಿದರು.

"ಒಂದು ಹೆಣ್ಣುಮಗಳ ಎರಡೂ ಕೈ ಬೆಂದೋಯ್ತು ಸಾರ್. ನಾವು ಬರೋಕೆ ಮುಂಚೆ ಅಲ್ಲ... ಬಂದು ನಿಂತ ಮೇಲೆ!"

ಎರಡೂ ಗಾಡಿಗಳ ಒಂದೊಂದು ದೋಷವನ್ನೂ ಅವರು ಬರೆದು, ಸಹಿ ಹಾಕಿ ಕೊಟ್ಟರು. ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೆ ಅವರಿಗೆ ನೋಟಿಸ್ ಬಂತು. ನಿವೃತ್ತಿಗೆ ಒಂದೇ ವರ್ಷವಿದ್ದಾಗ ಸರ್ವೀಸ್ ಪುಸ್ತಕದಲ್ಲಿ ಕಪ್ಪು ಚುಕ್ಕೆಯೂ ಬಿತ್ತು. ಅವರು ಎದುರು ಮಾತಾಡಲಿಲ್ಲ.

ಆದರೆ ಈ ಸಲ ಅರ್ಜಿ ವಾಪಸ್ ಬರಲಿಲ್ಲ... ಎಂಟು ತಿಂಗಳಲ್ಲಿ ಎರಡು ಹೊಸ ಗಾಡಿಗಳು ಬಂದವು.

ಹೊಸ ಗಾಡಿಯ ಮೊದಲ ಕರೆ ಒಂದು ಶಾಲೆಯಿಂದ. ಅಡುಗೆಕೋಣೆಗೆ ಬೆಂಕಿ ಹತ್ತಿತ್ತು.

ಪುಟ್ಟಮಾದಯ್ಯ ಗಾಡಿ ನಿಲ್ಲಿಸಿ ಒಂದು ಬಟನ್ ಒತ್ತಿದರು. ಕೆಳಗಿಳಿದು ಹಿಂದಕ್ಕೆ ಬರುವಷ್ಟರಲ್ಲಿ ನೀರು ಗೋಡೆಗೆ ಅಪ್ಪಳಿಸುತ್ತಿತ್ತು!

ಅಂಗಳದಲ್ಲಿ ಸಾಲಾಗಿ ನಿಂತಿದ್ದ ಮಕ್ಕಳಲ್ಲಿ ಒಬ್ಬರಿಗೂ ಒಂದು ಗೀರಿಲ್ಲ.

ಇಮ್ತಿಯಾಜ್ ಹತ್ತಿರ ಬಂದು, "ಯಾಕಣ್ಣ, ಅಳ್ತಿದ್ದೀರಾ?" ಎಂದ.

"ಇವತ್ತು ನನ್ನನ್ನ ಯಾರೂ ಹೊಗಳಲಿಲ್ಲ ಕಣೋ..." ಎಂದು ಪುಟ್ಟಮಾದಯ್ಯ ಅಳುತ್ತಲೇ ನಕ್ಕರು.

ಹೇಗೋ ಸಂಭಾಳಿಸುವ ನಮ್ಮ ಜಾಣತನವೇ ಕೆಲವೊಮ್ಮೆ, ಬದಲಾಗಲೇಬೇಕಾದದ್ದನ್ನು ಬದಲಾಗಲು ಬಿಡುವುದಿಲ್ಲ.

ನಿಮ್ಮ ಮನೆಯಲ್ಲಿ, ನಿಮ್ಮ ಕೆಲಸದಲ್ಲಿ... "ನಾನಿದ್ದೀನಲ್ಲ, ನಡೆಯುತ್ತೆ ಬಿಡಿ" ಎಂದು ನೀವು ಇಷ್ಟು ದಿನ ಮುಚ್ಚಿಟ್ಟಿರುವುದು ಏನು?